ಅಕ್ಕ ಮುಟ್ಟಿ ನೋಡಿದ ಇಂಜಿನ್

ನಾನು ಚಿಕ್ಕವನಿದ್ದಾಗ ನಮ್ಮೂರಿಗೂ ಹೈಸ್ಕೂಲಿಗೂ ನಡುವೆ ನೀರಿತ್ತು. ಹುಕ್ಕೇರಿ ಕಡೆಯ ಅಣೆಕಟ್ಟಿನ ಹಿನ್ನೀರು ಅದು. ಅಪ್ಪ ಹುಟ್ಟು ಹಾಕಿ ದೋಣಿ ನಡೆಸುತ್ತಿದ್ದ. ನಮ್ಮೂರಿನಿಂದ ಆ ದಡದ ಶಾಲೆಗೆ ಹೋಗುತ್ತಿದ್ದ ಹೆಣ್ಣುಮಗಳೆಂದರೆ ನನ್ನ ಅಕ್ಕ ಒಬ್ಬಳೇ. ಗಾಳಿ ಎದ್ದ ದಿನ ದೋಣಿ ಸಾಗದೆ ಅವಳ ಶಾಲೆ ತಪ್ಪುತ್ತಿತ್ತು.

ಕೊನೆಗೆ ಊರವರು ಸೇರಿ ದೋಣಿಗೆ ಇಂಜಿನ್ ತರುವುದೆಂದು ಆಯಿತು. ಘಟಪ್ರಭಾ ಪಟ್ಟಣದಲ್ಲಿ ಹಳೆಯದೊಂದಿದೆ ಎಂಬ ಸುದ್ದಿ ತಂದವರು ದೊಡ್ಡಪ್ಪ, ಅಪ್ಪನ ಅಣ್ಣ. ನೋಡಲು ಅವರೊಂದಿಗೆ ಅಪ್ಪ, ಅಕ್ಕ, ನಾನು ಹೋದೆವು. ಅಣೆಕಟ್ಟು ಕಟ್ಟುವಾಗ ಅಪ್ಪ ಇಂಜಿನ್ ದೋಣಿಯಲ್ಲಿ ದುಡಿದಿದ್ದ.

ತಗಡಿನ ಶೆಡ್ಡಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಇಂಜಿನ್ ಸಿಕ್ಕಿಸಿಟ್ಟಿದ್ದರು. ಮಾರುವವನು ಹಗ್ಗ ಜಗ್ಗುವ ಮೊದಲೇ ಅಕ್ಕ ಅದರ ಮೇಲೆ ಕೈಯಿಟ್ಟು ತಟ್ಟನೆ ತೆಗೆದಳು.

"ಅಪ್ಪಾ, ಇದು ಸುಡಾಕತ್ತೈತಿ. ನಾವು ಬರೂ ಮೊದಲ ಚಾಲೂ ಮಾಡಿ ಇಟ್ಟಾರ."

ತಣ್ಣಗಿದ್ದಾಗ ಹಟ ಮಾಡುವ ಇಂಜಿನ್ನನ್ನು ಹೀಗೆ ಕಾಯಿಸಿಡುತ್ತಾರೆ. ಮಾರುವವನು ಕೇಳಿಸದವನಂತೆ ಹಗ್ಗ ಜಗ್ಗಿದ. ಒಂದೇ ಎಳೆತಕ್ಕೆ ಅದು ಗುಡುಗಿತು. ಪೆಟ್ರೋಲು, ಎಣ್ಣೆ ಬೆರೆತು ಸುಡುವ ನೀಲಿ ಹೊಗೆ ಗಂಟಲಿಗೆ ಕಟ್ಟಿತು. ದೊಡ್ಡಪ್ಪ ಖುಷಿಯಾದರು. ಇಂಜಿನ್ ನಿಲ್ಲಿಸಿದ ಮೇಲೆ ಅಪ್ಪ ಕೆಳಗಿನ ಸ್ಕ್ರೂ ಸಡಿಲಿಸಿದ. ಹೊರಬಂದ ಗೇರಿನ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿತ್ತು. ಅಪ್ಪ ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ.

"ಅಣ್ಣಾ, ಒಳಗ ನೀರು ಹೊಕ್ಕೈತಿ. ಗೇರು ಉಳಿಯೂದಿಲ್ಲ. ಇದು ಬ್ಯಾಡ್ರಿ."

"ನಾ ಮಾತು ಕೊಟ್ಟೇನಿ. ಈಗ ಹಿಂದ ಸರದ್ರ ಜನ ಏನಂತಾರ? ಹುಡುಗಿ ಮಾತು ಕೇಳಿ ಇಂಜಿನ್ ಬಿಡ್ತೀಯೇನು?" ಎಂದರು ದೊಡ್ಡಪ್ಪ.

ಅಣ್ಣನ ಎದುರು ಅಪ್ಪನಿಗೆ ಎರಡನೆಯ ಮಾತು ಹೊರಡುತ್ತಿರಲಿಲ್ಲ. ಸ್ಕ್ರೂ ಮತ್ತೆ ಬಿಗಿದ. ಇಂಜಿನ್ ನಮ್ಮ ದೋಣಿಗೆ ಬಂತು.

ಆ ಮಳೆಗಾಲದಲ್ಲೇ ನಡುನೀರಿನಲ್ಲಿ ಗೇರು ಕಟಕಟ ಎಂದು ಮುರಿಯಿತು. ಅಪ್ಪ ಹುಟ್ಟಿಗೆ ಕೈ ಹಾಕುವಷ್ಟರಲ್ಲಿ ಗಾಳಿ ದೋಣಿಯನ್ನು ಎಳೆದೊಯ್ದು ಮುಳುಗಿದ್ದ ಮರದ ಬೊಡ್ಡೆಗೆ ಬಡಿಯಿತು. ಅಕ್ಕ ನೀರಿಗೆ ಬಿದ್ದಳು. ಅಪ್ಪ ಹಾರಿ, ಅವಳ ಜಡೆ ಹಿಡಿದು ಮೇಲೆಳೆದ.

ಮರುದಿನ ಮನೆಗೆ ಬಂದ ದೊಡ್ಡಪ್ಪ ಇಂಜಿನ್ನಿನ ಮಾತೇ ಎತ್ತಲಿಲ್ಲ. "ಹೆಣ್ಣುಮಗಳು ನೀರು ದಾಟೂದು ಬ್ಯಾಡ. ಸಾಲಿ ಸಾಕು," ಎಂದರು. ಅಪ್ಪ ಆಗಲೂ ಅಣ್ಣನ ಮಾತು ಮೀರಲಿಲ್ಲ. ಮುಂದೆ ನನ್ನನ್ನು ಗೋಕಾಕಿನ ಹಾಸ್ಟೆಲಿಗೆ ಸೇರಿಸಿದರು. ಅಕ್ಕನ ಪುಸ್ತಕಗಳನ್ನೆಲ್ಲ ನನ್ನ ಟ್ರಂಕಿನಲ್ಲಿ ತುಂಬಿದರು. ತುಂಬಿದವಳು ಅಕ್ಕನೇ.

ಮಕ್ಕಳೇ, ಈಗ ನಿಮ್ಮ ಶಾಲೆಯ ಬಸ್ಸು ಮನೆಬಾಗಿಲಿಗೇ ಬರುತ್ತದೆ. ನಿಮ್ಮಲ್ಲಿ ದೊಡ್ಡವಳು ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ ಇಂಜಿನ್ನುಗಳ ಬಗ್ಗೆಯೇ ಓದುತ್ತಾಳೆ. ಬೇಡ ಎನ್ನುವವರು ಯಾರೂ ಇಲ್ಲ. ಅವಳು ಕಾಲೇಜಿನ ಮಾತು ತೆಗೆದಾಗಲೆಲ್ಲ ನನ್ನ ಅಕ್ಕ ಊಟದ ನಡುವೆಯೇ ಎದ್ದು ಹೋಗುತ್ತಾಳೆ. ಯಾಕೆಂದು ನೀವು ನನ್ನನ್ನು ಕೇಳುತ್ತಿದ್ದಿರಿ. ಅವಳನ್ನು ಮಾತ್ರ ಕೇಳಬೇಡಿ.