ಅದೇ ಸಾಕೆಟ್ಟು, ಸ್ವಲ್ಪ ಕಾಯಿರಿ

ತು ವೆನ್-ಪಿನ್‌ಗೆ ಐವತ್ತೊಂದು ವರ್ಷ. ತೈಪೆಯ ದಕ್ಷಿಣಕ್ಕಿರುವ ಶಿನ್‌ದಿಯನ್‌ನ ಒಂದು ಮದರ್‌ಬೋರ್ಡ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಪರದೆ ಎರಡು ಮೂರು ಸೆಕೆಂಡು ಕಪ್ಪಾಗಿಯೇ ಇರುತ್ತದಲ್ಲ, ಆ ಹೊತ್ತಿನಲ್ಲಿ ಬೋರ್ಡು ತನ್ನ ಸಾಕೆಟ್ಟಿನಲ್ಲಿ ಕೂತಿರುವ ಪ್ರೊಸೆಸರ್ ಯಾವುದೆಂದು ಗುರುತು ಹಿಡಿಯಬೇಕು. ಆ ಗುರುತಿನ ಪಟ್ಟಿ ಬರೆಯುವವನು ಇವನು. ಪಟ್ಟಿಯಲ್ಲಿ ಹೆಸರಿಲ್ಲದ ಪ್ರೊಸೆಸರ್ ಎಷ್ಟೇ ದುಬಾರಿಯದಾಗಲಿ, ಬೋರ್ಡಿನ ಪಾಲಿಗೆ ಕಲ್ಲು. ಸರಿಯಾಗಿ ನಡೆದಾಗ ಇವನನ್ನು ಯಾರೂ ನೆನೆಯುವುದಿಲ್ಲ, ಕೆಟ್ಟಾಗ ಮಾತ್ರ ಊರೆಲ್ಲ ಬೈಯುತ್ತದೆ. ಅಂಥ ಕೆಲಸಕ್ಕೆ ಹೇಳಿ ಮಾಡಿಸಿದಂಥ ಮನುಷ್ಯ ಅವನು. ಊಟದ ಡಬ್ಬಿಯ ಮುಚ್ಚಳವನ್ನೂ ಸದ್ದಾಗದಂತೆ ತೆಗೆಯುತ್ತಾನೆ.

ಬಾಯಿ ಮುಚ್ಚಿಕೊಂಡಿರುವುದು ಈ ಕೆಲಸದ ಅರ್ಧ ಭಾಗ. ಚಿಪ್ ಕಂಪನಿಯವರ ಹೊಸ ಪ್ರೊಸೆಸರುಗಳು ಮಾರುಕಟ್ಟೆಗೆ ಬರುವ ಆರು ತಿಂಗಳ ಮೊದಲೇ ಇವನ ಮೇಜಿಗೆ ಬರುತ್ತವೆ, ಜೊತೆಗೆ ಸಹಿ ಹಾಕಬೇಕಾದ ಗುಟ್ಟಿನ ಕಾಗದವೂ ಬರುತ್ತದೆ. ಹಿಂದಿನ ವರ್ಷ ಒಬ್ಬ ಎಂಜಿನಿಯರ್ ಹೊಸ ಚಿಪ್ಪಿನ ಫೋಟೋ ತೆಗೆದು ಗೆಳತಿಗೆ ಕಳಿಸಿದ್ದ. ಬೆಳಿಗ್ಗೆ ಕಳಿಸಿದವನು ಮಧ್ಯಾಹ್ನದ ಊಟಕ್ಕೆ ಕಂಪನಿಯಲ್ಲಿರಲಿಲ್ಲ.

ಇಷ್ಟೊಂದು ಗುಟ್ಟು ಕಾಯುವ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದ, ಅದೂ ಆಗ ಗುಟ್ಟಲ್ಲದ ಮಾತು. ಮೂರು ವರ್ಷದ ಹಿಂದೆ ಅವನ ಶಾಲೆಯ ಲಿಯಾವ್ ಮೇಷ್ಟ್ರು ಹೊಸ ಕಂಪ್ಯೂಟರ್ ಯಂತ್ರ ಕಟ್ಟಿಕೊಳ್ಳುವಾಗ ಕೈಲಿ ದುಡ್ಡು ಸಾಲದೆ ಕೆಳಗಿನ ದರ್ಜೆಯ ಪ್ರೊಸೆಸರ್ ಹಾಕಿಸಿದ್ದರು. ಆಗ ಇವನು ಹೇಳಿದ್ದ: "ಅದೇ ಸಾಕೆಟ್ಟು ಇನ್ನೂ ಎಷ್ಟೋ ವರ್ಷ ಇರುತ್ತೆ ಮೇಷ್ಟ್ರೇ. ಸ್ವಲ್ಪ ಕಾಯಿರಿ. ಮುಂದೆ ಚಿಪ್ಪೊಂದನ್ನೇ ಬದಲಾಯಿಸಿದ್ರೆ ಸಾಕು." ಚಿಪ್ ಕಂಪನಿಯೂ ವೇದಿಕೆ ಹತ್ತಿ ಅದನ್ನೇ ಸಾರಿತ್ತು.

ಲಿಯಾವ್ ಮೇಷ್ಟ್ರು ಹುವೇ ಊರಿನ ವೃತ್ತಿಶಿಕ್ಷಣ ಶಾಲೆಯಲ್ಲಿ ಇವನಿಗೆ ಬೆಸುಗೆ ಹಾಕುವುದನ್ನು ಕಲಿಸಿದವರು. ಈಗ ಎಪ್ಪತ್ತೆಂಟು ವರ್ಷ. ಅವರ ತೀರಿಹೋದ ತಮ್ಮ ಕೈಗೊಂಬೆ ಮೇಳ ನಡೆಸುತ್ತಿದ್ದರು. ಗುಡಿಯಂಗಳಗಳಲ್ಲಿ ಆಡಿದ ಆಟಗಳ ತೊಂಬತ್ತು ಟೇಪು ಮನೆಯಲ್ಲಿವೆ, ಬಣ್ಣವೆಲ್ಲ ಕದಡಿಹೋಗಿದೆ. ಈಗಿನ ತಂತ್ರಾಂಶಕ್ಕೆ ಕೊಟ್ಟರೆ ಗೊಂಬೆಯ ಹುಬ್ಬು ಕೂಡ ಮತ್ತೆ ಮೂಡುತ್ತದೆ, ಆದರೆ ಮೇಷ್ಟ್ರ ಯಂತ್ರ ಒಂದು ಆಟಕ್ಕೆ ಹನ್ನೊಂದು ದಿನ ತಿನ್ನುತ್ತದೆ. ಮೇಷ್ಟ್ರ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ ಬೆಳೆಯುತ್ತಿತ್ತು. ನೋಡಬೇಕಾದ್ದನ್ನೆಲ್ಲ ಈ ವರ್ಷವೇ ನೋಡಿಬಿಡಿ ಎಂದು ಡಾಕ್ಟರು ನಯವಾಗಿ ಹೇಳಿದ್ದರು. ಮಗಳು ಸು-ಯಿನ್ ಹೊಸ ಯಂತ್ರ ಕೊಡಿಸುತ್ತೇನೆಂದು ದುಂಬಾಲು ಬಿದ್ದಿದ್ದಳು. ಮೇಷ್ಟ್ರು ಕೇಳಲಿಲ್ಲ. ಅಂತರ್ಜಾಲದಲ್ಲಿ 'ಕಾಯುವವರ ಪಕ್ಷ' ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಒಂದು ಗುಂಪಿದೆ, ಹೊಸ ಪ್ರೊಸೆಸರಿಗೆ ಕಾಯುವುದೇ ಅವರ ಕಸುಬು. ಅದರಲ್ಲಿ ಮೇಷ್ಟ್ರೇ ಹಿರಿಯರು.

ಈಗ ಮೇಷ್ಟ್ರು ಕಾಯುತ್ತಿದ್ದ ಆ ಪ್ರೊಸೆಸರ್ ವೆನ್-ಪಿನ್‌ನ ಮೇಜಿನ ಮೇಲಿತ್ತು. ಸಾಕೆಟ್ಟೂ ಅದೇ. ತೊಂದರೆ ಇದ್ದದ್ದು ಬೇರೆ ಕಡೆ. ಗುರುತಿನ ಪಟ್ಟಿ ಕೂರುವ ಪುಟ್ಟ ಚಿಪ್ಪನ್ನು ಅಗ್ಗದ ಬೋರ್ಡುಗಳಲ್ಲಿ ಕೈ ಬಿಗಿಹಿಡಿದು ಸಣ್ಣದು ಹಾಕಿದ್ದರು, ಹೊಸ ಹೆಸರುಗಳಿಗೆ ಅದರಲ್ಲಿ ಜಾಗವಿರಲಿಲ್ಲ. ವೆನ್-ಪಿನ್ ಮೂರು ವಾರ ಕೂತು ಒಳಗಿದ್ದ ಚಿತ್ರಗಳನ್ನು, ಯಾರೂ ಓದದ ಭಾಷೆಗಳನ್ನು ಕಿತ್ತು ಹಾಕಿ ಜಾಗ ಮಾಡಿದ. ಮೇಷ್ಟ್ರಲ್ಲಿದ್ದಂಥದೇ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರಿಸಿ ಗುಂಡಿ ಒತ್ತಿದ. ಓಡಿತು! ಆ ದಿನ ಅವನು ಒಬ್ಬನೇ ಕೂತು ನಕ್ಕ.

ಮರುವಾರ ಮೇಲಿನವರ ಸಭೆ ನಡೆಯಿತು. ವಿಭಾಗದ ಮುಖ್ಯಸ್ಥ ಇವನ ಹೆಗಲ ಮೇಲೆ ಕೈ ಇಟ್ಟು, ಸಲಿಗೆಯ ಹೆಸರು ಹಿಡಿದು ಹೇಳಿದ: "ಒಳ್ಳೇ ಕೆಲಸ ಮಾಡಿದೀಯ ಆ-ಪಿನ್. ಆದ್ರೆ ಎಂಟು ಹಳೇ ಬೋರ್ಡಿಗೆ ಪರೀಕ್ಷೆ ಮಾಡಿಸೋಕೆ ಜನ ಇಲ್ಲ. ಹೊಸ ಬೋರ್ಡು ಮಾರಬೇಡ್ವಾ? ಹೊಸ ಪ್ರೊಸೆಸರ್ ಓಡೋ ಬೋರ್ಡುಗಳ ಪಟ್ಟಿಯಿಂದ ಅವನ್ನ ತೆಗೆದುಬಿಡು."

"ಓಡ್ತಾ ಇದೆ ಸಾರ್."

"ಓಡುತ್ತೆ ಅಂತ ನಂಗೂ ಗೊತ್ತು. ತೆಗಿ."

ತೆಗೆದ. ತಾನೇ ಬರೆದದ್ದನ್ನು ತಾನೇ ಅಳಿಸಿದ, ಮೇಷ್ಟ್ರ ಬೋರ್ಡಿನದೂ ಸೇರಿ. ಕಂಪನಿ ಇದನ್ನು ಹೇಳುವುದಕ್ಕೆ ಇನ್ನೂ ಹತ್ತು ವಾರವಿತ್ತು. ಹತ್ತು ವಾರವೆಂದರೆ ಮೇಷ್ಟ್ರ ಕಣ್ಣಿನಲ್ಲಿ ಎಷ್ಟು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಂದೇ ಮಾತು ಹೇಳಿದರೆ ಸಾಕಿತ್ತು: ಕಾಯಬೇಡಿ. ಆದರೆ ಮೇಷ್ಟ್ರ ಹೊಟ್ಟೆಯಲ್ಲಿ ಮಾತು ನಿಂತ ಇತಿಹಾಸವೇ ಇಲ್ಲ. ಅಂದೇ ಗುಂಪಿನಲ್ಲಿ ಬರೆಯುತ್ತಾರೆ, ಮರುದಿನ ಇವನ ಕೆಲಸ ಹೋಗುತ್ತದೆ. ಐವತ್ತೊಂದಕ್ಕೆ ಇವನನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ಆದರೂ ಭಾನುವಾರ ರೈಲು ಹತ್ತಿದ. ಚೀಲದಲ್ಲಿ, ಗುರುತಿನ ಪಟ್ಟಿಗೆ ದೊಡ್ಡ ಚಿಪ್ಪಿರುವ ಹೊಸ ಬೋರ್ಡು ಇಟ್ಟುಕೊಂಡಿದ್ದ, ಸ್ವಂತ ದುಡ್ಡಿನದು.

ಮೇಷ್ಟ್ರು ಬೇಯಿಸಿದ ಶೇಂಗಾ, ಚಹಾ ಮುಂದಿಟ್ಟರು. ವೆನ್-ಪಿನ್ ಬೋರ್ಡಿನ ಡಬ್ಬಿಯನ್ನು ಮೇಜಿನ ಮೇಲೆ ಅವರತ್ತ ಜರುಗಿಸಿದ.

"ಏನೋ ಇದು?"

"ಹೊಸ ಬೋರ್ಡು. ಆಫೀಸಲ್ಲಿ ಮಿಕ್ಕಿತ್ತು. ಇಟ್ಕೊಳ್ಳಿ ಮೇಷ್ಟ್ರೇ, ಹಾಕ್ಕೊಳ್ಳಿ."

"ಯಾಕೆ, ನನ್ನ ಬೋರ್ಡಿಗೇನು ರೋಗ ಬಂದಿದೆ? ನೀನು ಕೆಲಸ ಮಾಡಿದ್ದು ಅಂತ ಕಾದು ತಗೊಂಡಿದ್ದು ಅದು. ಇದನ್ನ ನಮ್ಮ ಶಾಲೆಗೆ ಕೊಡ್ತೀನಿ ಬಿಡು, ಮಕ್ಕಳು ಕಲೀತಾರೆ."

"ಶಾಲೆಗೆ ಬೇರೆ ಕೊಡೋಣ. ಇದು ನಿಮಗೆ."

ಮೇಷ್ಟ್ರು ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ಅವನನ್ನು ನೋಡಿದರು. ಈಗ ಅವರು ನೋಡುತ್ತಿದ್ದದ್ದೇ ಹಾಗೆ. ಅರ್ಥವಾಯಿತೇನೋ ಎಂದು ವೆನ್-ಪಿನ್‌ಗೆ ಅನಿಸಿತು. ಅರ್ಥವಾಗಲಿ ಎಂದೇ ಬೇಡಿಕೊಂಡ.

"ಲೋ, ಆ ಕಾಗದಕ್ಕೆ ಸೈನ್ ಹಾಕಿದೀಯ ಅಲ್ವಾ?"

"ಹೂಂ."

"ಹಾಗಾದ್ರೆ ಬಾಯಿ ಬಿಡಬೇಡ. ನಾನು ಕೇಳೋದೂ ಇಲ್ಲ. ನಂಗೆ ಗೊತ್ತಾಯ್ತು." ಮೇಷ್ಟ್ರ ಮುಖ ಅರಳಿತ್ತು. "ಆಗೋದಿಲ್ಲ ಅಂತಿದ್ರೆ ನೀನು ಕಾಗದ ಹರಿದಾದ್ರೂ ಹೇಳಿಬಿಡ್ತಿದ್ದೆ. ಕಣ್ಣು ಹೋಗ್ತಿರೋ ಮುದುಕನ್ನ ಸುಮ್ಮಸುಮ್ಮನೆ ಕಾಯಿಸೋ ಹುಡುಗ ನೀನಲ್ಲ. ಹೋದ ಸಲ ಹೊಸ ಚಿಪ್ಪು ಬರೋ ಮುಂಚೆಯೂ ಹಿಂಗೇ ಮುಖ ಗಂಟು ಹಾಕ್ಕೊಂಡು ಕೂತಿದ್ದೆ, ಕೊನೆಗೆ ಒಳ್ಳೇದೇ ಆಯ್ತು."

ಅಷ್ಟರಲ್ಲಿ ಸು-ಯಿನ್ ಫೋನು ಮಾಡಿದಳು. ಅದೇ ಹಳೆಯ ಮಾತು: ಇವತ್ತು ರಿಯಾಯಿತಿ ಇದೆ, ಯಂತ್ರ ತರಿಸಲೇ? ಮೇಷ್ಟ್ರು ಬೇಡವೆಂದರು. ಅವಳು ಹಟ ಹಿಡಿದು ಫೋನನ್ನು ವೆನ್-ಪಿನ್‌ಗೆ ಕೊಡಿಸಿದಳು.

"ಅಣ್ಣ, ನೀವೇ ಹೇಳಿಬಿಡಿ. ಕೊಡಿಸ್ಲಾ, ಬೇಡ್ವಾ?"

ವೆನ್-ಪಿನ್ ಹೇಳಿದ: "ಕೊಡಿಸಮ್ಮ. ಇವತ್ತೇ ಕೊಡಿಸಿಬಿಡು." ಇದಕ್ಕಿಂತ ಬಿಡಿಸಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಮೇಷ್ಟ್ರು ಫೋನು ಕಿತ್ತುಕೊಂಡು ಬಿದ್ದು ಬಿದ್ದು ನಕ್ಕರು. "ಕೇಳಿದ್ಯಾ ಸು-ಯಿನ್, ಎಂಥ ಕಿಲಾಡಿ! ಗುಟ್ಟು ಬಿಡಬಾರದು ಅಂತ ಉಲ್ಟಾ ಹೊಡೀತಿದಾನೆ. ಏನೂ ಬೇಡ ಕಣಮ್ಮ, ಇಡು."

ಇನ್ನೇನು ಮಾಡಬಹುದಿತ್ತು ಎಂದು ಕೇಳುವವರು ಕೇಳಬಹುದು. ಕೂಗಿ ಹೇಳಬಹುದಿತ್ತು. ಅವನು ಹೇಳಲಿಲ್ಲ, ತಟ್ಟೆ ಖಾಲಿಯಾಗುವವರೆಗೆ ಶೇಂಗಾ ಸುಲಿದ. ಅವನು ಇನ್ನೂ ರೈಲಿನಲ್ಲಿದ್ದಾಗಲೇ ಮೇಷ್ಟ್ರು ಗುಂಪಿನಲ್ಲಿ ಬರೆದಿದ್ದರು: "ಒಳಗಿನವರನ್ನು ಕಂಡೆ. ಅವರು ಏನೂ ಹೇಳಲಿಲ್ಲ. ಆದ್ದರಿಂದ ಎಲ್ಲರೂ ಕಾಯಿರಿ." ನಾನೂರು ಜನ ಮೆಚ್ಚಿದ್ದರು. ಓದುತ್ತಾ ವೆನ್-ಪಿನ್‌ಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹತ್ತು ವಾರದ ನಂತರ, ಒಂದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬೋರ್ಡುಗಳ ಪಟ್ಟಿ ಹೊರಬಿತ್ತು. ಗುಟ್ಟಿನ ಕಾಗದದ ಅವಧಿಯೂ ಒಂಬತ್ತಕ್ಕೇ ಮುಗಿಯಿತು. ಎಂಟು ಬೋರ್ಡುಗಳ ಹೆಸರಿರಲಿಲ್ಲ. ಮಧ್ಯಾಹ್ನ ಮೇಷ್ಟ್ರ ಫೋನು ಬಂತು.

"ಸು-ಯಿನ್ ಓದಿ ಹೇಳಿದ್ಲು ಕಣೋ. ಪರದೆ ಮೇಲಿಂದು ನಂಗೀಗ ಕಾಣಲ್ಲ. ಗೊಂಬೆ ಆಡೋದು ಗೊತ್ತಾಗುತ್ತೆ, ಮುಖ ಇಲ್ಲ. ಇರ್ಲಿ ಬಿಡು, ತಮ್ಮನ ದನಿ ಕೇಳುತ್ತೆ."

ವೆನ್-ಪಿನ್ ಮುಂದೆ ತೆರೆದಿದ್ದ ಊಟದ ಡಬ್ಬಿಗೆ ಸದ್ದಾಗದಂತೆ ಮುಚ್ಚಳ ಹಾಕಿದ.

"ಆ ಗುಂಪಿನೋರು ನಿನ್ನನ್ನ ಬಾಯಿಗೆ ಬಂದ ಹಾಗೆ ಬೈತಿದಾರಂತೆ. ಸು-ಯಿನ್ ಕೈಲಿ ಬರೆಸಿದೆ, ಕಂಪನಿಯೋರು ನನ್ನ ಹುಡುಗನಿಗೂ ಹೇಳಿರಲಿಲ್ಲ, ಗೊತ್ತಿದ್ರೆ ನನ್ನ ಹತ್ರ ಮುಚ್ಚಿಡ್ತಿರಲಿಲ್ಲ ಅಂತ. ಸರಿಯಾಗಿ ಬರೆಸಿದೆ ತಾನೇ?"

ಈಗ ನಿಜ ಹೇಳಿದರೆ ತಡೆಯುವವರಿಲ್ಲ. ಯಾವ ಕಾಗದವೂ ಅವನ ಬಾಯಿ ಕಟ್ಟಿರಲಿಲ್ಲ.

"ಹೌದು ಮೇಷ್ಟ್ರೇ," ಎಂದ. "ನಂಗೂ ಗೊತ್ತಿರಲಿಲ್ಲ."

"ಅಷ್ಟು ಸಾಕು ಕಣೋ. ನಂಗೆ ಅದೊಂದೇ ಬೇಕಿತ್ತು. ಊಟ ಆಯ್ತಾ?"

ಆಯಿತು ಎಂದ. ಅದೂ ಸುಳ್ಳು.