ಬಾಗಿ ನಂಬಿದ ಗುರುತು

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಬುಟ್ಟಿಯಿಟ್ಟು ಮೀನು ಮಾರುತ್ತಿದ್ದ ಬಾಗಿಗೆ ಎದುರಾಡಿ ಗೆದ್ದವರಿಲ್ಲ. ಗಿರಾಕಿ ಮೂಗು ಮುರಿದರೆ ಬಂಗುಡೆಯ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸುವಳು.

"ಕಾಣಿ, ಕೆಂಪ್ ಇತ್ತಾ ಇಲ್ಯಾ? ಮತ್ತೆಂತ, ಅದ್ ಎದ್ದ್ ಮಾತಾಡ್ಕಾ?"

ಕೆಂಪಿದ್ದರೆ ತಾಜಾ, ಕಂದಿದ್ದರೆ ಹಳತು. ಈ ಒಂದು ಗುರುತು ಅವಳಿಗೆ ಎಂದೂ ಕೈಕೊಟ್ಟಿರಲಿಲ್ಲ.

ಅವಳ ಗಂಡ ಶೀನ ಗಂಗೊಳ್ಳಿಯ ದೋಣಿಗಳಲ್ಲಿ ದುಡಿದವನು. 2011ರ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡ ಸೇರಿದ್ದಾಗ, ಅವನ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ. ಕಾಮಾಲೆಯೆಂದು ಬೈಂದೂರಿನಿಂದ ನಾಟಿ ಮದ್ದು ತಂದು ಕುಡಿದ, ಪಥ್ಯ ಮಾಡಿದ. ಹಳದಿ ಇಳಿಯಲಿಲ್ಲ. ದೊಡ್ಡ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಕಂಡದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಪಿತ್ತ ಹರಿಯಲು ಸಣ್ಣ ಕೊಳವೆಯೊಂದನ್ನು ಇಟ್ಟರು. ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದ್ದರಿಂದ ಕೊಯ್ದು ತೆಗೆಯುವಂತಿರಲಿಲ್ಲ. ಉಳಿದದ್ದು ಕೀಮೋ.

ಡಾಕ್ಟರ್ ಶರಣ್ಯಾ ರಕ್ತದ ಒಂದು ಪರೀಕ್ಷೆಯ ವಿಷಯ ಹೇಳಿದಳು. ಈ ರೋಗದಲ್ಲಿ ಅದರ ಅಂಕಿ ಸಾಮಾನ್ಯವಾಗಿ ಏರುತ್ತದೆ, ಮೂವತ್ತೇಳರೊಳಗಿದ್ದರೆ ಸರಿ. ಶೀನನದು ಎರಡಕ್ಕಿಂತಲೂ ಕೆಳಗಿತ್ತು. "ಇದೊಂದನ್ನೇ ನೋಡಿ ಏನೂ ಹೇಳೋಕಾಗಲ್ಲ," ಎಂದೂ ಅವಳು ಸೇರಿಸಿದ್ದಳು. ಆ ಮಾತು ಬಾಗಿಯ ಕಿವಿಯಲ್ಲಿ ನಿಲ್ಲಲಿಲ್ಲ, ನಿಂತದ್ದು ಅಂಕಿಯೊಂದೇ.

ದೀಪಾವಳಿ ಕಳೆಯುವಷ್ಟರಲ್ಲಿ ಶೀನನ ಅಂಗಿ ಹೆಗಲಿನಿಂದ ಜಾರತೊಡಗಿತು. ಒಂದು ದಿನ ಆಸ್ಪತ್ರೆಯಿಂದ ಮರಳುವಾಗ ಬಸ್ಸಿನಲ್ಲಿ ಅವನೇ ಮಾತು ತೆಗೆದ.

"ಹೆಣೆ, ನಂಗೆ ಸಾಕಾಯ್ತ್. ಇನ್ ಆ ಸೂಜಿ ಬ್ಯಾಡ. ಮನೆಯಂಗೇ ಇರ್ತೆ. ಬೊಂಡಾಸ್ ಸುಕ್ಕ ಮಾಡಿ ಹಾಕ್, ಬಾಯಂಗೆ ರುಚಿ ಇಪ್ಪತಿಗೇ ತಿಂತೆ." ಮುಳ್ಳಿಲ್ಲದ, ಮೆತ್ತನೆಯ ಬೊಂಡಾಸ್, ಪೇಟೆಯವರು ಸ್ಕ್ವಿಡ್ ಎನ್ನುವುದು, ಅವನಿಗೆ ಎಂದಿನಿಂದಲೂ ಇಷ್ಟ.

"ಮದ್ದ್ ಮುಗಿಲಿ, ಬುಟ್ಟಿಗಟ್ಲೆ ಮಾಡ್ತೆ. ಹ್ವಾಯ್, ಎರಡ್ ಸಾ ಇಲ್ಲ ಅಂದ್ರಲೆ ಡಾಕ್ಟ್ರ್!"

"ಎಂತ ಎರಡ್? ನನ್ ಮೈ ಕಾಣ್. ಒಣಗ್ಸಿದ್ ಬಂಗ್ಡೆ ಹಾಂಗ್ ಆಯ್ದೆ."

"ಒಣಗಿರೂ ಕಿವಿರ್ ಕೆಂಪ್ ಇತ್ತಲೆ ನಿಮ್ದ್!"

ಶೀನ ನಕ್ಕ. ನಗುವಿಗೆ ಕೆಮ್ಮು ಬಂತು, ಕೆಮ್ಮಿಗೆ ವಾಂತಿ ಬಂತು.

ಮಾರನೆಯ ದಿನ ಹೆದ್ದಾರಿ ಬದಿಯಲ್ಲಿ ಇದನ್ನು ಕೇಳಿ, ಪಕ್ಕದ ಬುಟ್ಟಿಯಲ್ಲಿ ಮೀನು ಮಾರುವ ಪದ್ದುವಿಗೆ ತಡೆಯಲಾಗಲಿಲ್ಲ. "ಬಾಗಕ್ಕ, ಅವ್ರ್ ಬ್ಯಾಡ ಅಂದ್ರೆ ಬಿಡುಕಾಗ್ದಾ?"

"ನೀ ಸುಮ್ನಿರ್. ಅಂಕಿ ಏರ್ಲಿಲ್ಲ. ನಾನೇ ಬಿಟ್ರೆ ಅವ್ರನ್ನ್ ನಾನೇ ಕೊಂದ ಹಾಂಗೆ."

ಹೀಗೆ ಇನ್ನೂ ಮೂರು ಸಲ ಅವನನ್ನು ಎಬ್ಬಿಸಿ, ಅಂಗಿ ತೊಡಿಸಿ, ಬಸ್ಸು ಹತ್ತಿಸಿದಳು. ಪ್ರತಿ ಸಲವೂ ಅಂಕಿ ಎರಡರ ಕೆಳಗೇ ಇತ್ತು. ಫೆಬ್ರವರಿಯಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಯಕೃತ್ತಿನ ತುಂಬ ಚುಕ್ಕೆಗಳು.

"ಅಂಕಿ ಏರ್ಲೇ ಇಲ್ಲ ಅಲ್ದಾ ಮೇಡಂ?" ಬಾಗಿಯ ದನಿಯಲ್ಲಿ ಜಗಳವಿತ್ತು.

ಶರಣ್ಯಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಮೈಯ ಪ್ರತಿ ಜೀವಕೋಶದ ಮೇಲೂ ಸಕ್ಕರೆಯ ಸಣ್ಣ ಸಣ್ಣ ಸರಪಳಿಗಳಿರುತ್ತವೆ, ತಿನ್ನುವ ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ ಎಂದಳು. ಕೋಶ ಕೆಟ್ಟಾಗ ಈ ಸರಪಳಿಗಳೂ ತಪ್ಪಾಗಿ ಹೆಣೆದುಕೊಳ್ಳುತ್ತವೆ. ಕೆಲವು ಸರಪಳಿಗಳಿಂದ ಕೆಟ್ಟ ಕೋಶ ರಕ್ತನಾಳದ ಗೋಡೆಗೆ ಅಂಟಿಕೊಂಡು ಬೇರೆ ಅಂಗಕ್ಕೆ ದಾಟುತ್ತದೆ. ಕೆಲವನ್ನು ಹೊದ್ದು, ಮೈಯ ಕಾವಲಿನ ಕೋಶಗಳಿಂದ ತಪ್ಪಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದು ಬಗೆ ರಕ್ತಕ್ಕೂ ಉದುರುತ್ತದೆ, ಪರೀಕ್ಷೆ ಅಳೆಯುವುದು ಅದನ್ನೇ.

"ಆದರೆ ನೂರರಲ್ಲಿ ಐದೋ ಹತ್ತೋ ಮಂದಿಗೆ ಆ ಒಂದು ಬಗೆಯನ್ನು ಕಟ್ಟುವ ಶಕ್ತಿ ಹುಟ್ಟಿನಿಂದಲೇ ಇರಲ್ಲ. ಮೊನ್ನೆ ಇವರ ರಕ್ತದಲ್ಲಿ ಅದನ್ನೇ ನೋಡಿಸಿದೆ. ಇವರೂ ಅಂಥವರು. ರೋಗ ಎಷ್ಟೇ ಬೆಳೆದರೂ ಇವರ ಅಂಕಿ ಏರಲ್ಲ, ಬಾಗಿಯಮ್ಮ."

ಬಾಗಿ ತನ್ನ ಹೆಬ್ಬೆರಳನ್ನು ನೋಡುತ್ತ ಕುಳಿತಳು.

"ಬೊಂಡಾಸಿನ ಹಾಂಗೆ," ಎಂದಳು ಕೊನೆಗೆ.

"ಏನು?"

"ಬಂಗ್ಡೆ ಆರೆ ಕಿವಿರ್ ಎತ್ತಿ ಕಾಂಬ್ಲಕ್ಕ್. ಬೊಂಡಾಸಿಗೆ ಎತ್ತುಕೆ ಎಂತದೂ ಇಲ್ಲ. ನಾ ಅದ್ರೊಳ್ಗೆ ಕೆಂಪ್ ಹುಡ್ಕತಾ ಇದ್ದೆ."

ಬೊಂಡಾಸನ್ನು ಕೊಳ್ಳುವಾಗ ಮೈಯನ್ನೇ ಮುಟ್ಟಿ ನೋಡಬೇಕು. ಅದು ಅವಳಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಮೈ ಕಾಣು ಎಂದು ಶೀನ ಬಸ್ಸಿನಲ್ಲೇ ಹೇಳಿದ್ದ.

ಮುಂದಿನ ಸೂಜಿಗೆ ಅವರು ಹೋಗಲಿಲ್ಲ. ಬಾಗಿ ಬಂದರಿನಲ್ಲಿ ಬೊಂಡಾಸನ್ನು ಆರಿಸಿ ತಂದು, ತೆಂಗಿನಕಾಯಿ ಹುರಿದು ಸುಕ್ಕ ಮಾಡಿದಳು. ಶೀನನನ್ನು ಗೋಡೆಗೆ ಒರಗಿಸಿ ಕೂರಿಸಿ, ಒಂದು ತುಂಡನ್ನು ಬಾಯಿಗಿಟ್ಟಳು. ಅವನು ಬಹಳ ಹೊತ್ತು ಅಗಿದ. ನುಂಗಲಾಗಲಿಲ್ಲ. ಅವಳು ಅಂಗೈ ಒಡ್ಡಿದಳು, ಅದರಲ್ಲಿ ಉಗಿದ.

"ರುಚಿ ಗೊತ್ತಾತಿಲ್ಲ ಮಾರಾಯ್ತಿ. ಉಪ್ಪ್ ಸಮ ಇತ್ತಾ?"

ಬಾಗಿ ತಿಂದು ನೋಡಿದಳು. "ಸಮ ಇತ್ತ್."

"ಹಾಂಗಾರೆ ನೀ ತಿನ್. ನಾ ಕಾಣ್ತೆ."

ಅವಳು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅವನೆದುರೇ ತಿಂದಳು. ಅವನು ಆಯಾಸದಿಂದ ಕಣ್ಣು ಮುಚ್ಚಿದ ಮೇಲೂ, ನೋಡುತ್ತಿರಬಹುದೆಂದು, ತಿನ್ನುತ್ತಲೇ ಇದ್ದಳು.