ಕೊನೆಯ ಸಾಲಿನ ಸಫಾರಿ ಮನುಷ್ಯ

ಅನುಮಾನ ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಪಕ್ಕದ ಸೀಟಿನವರು ನಗುನಗುತ್ತಾ ಮಾತಾಡಿಸಿದರೆ ಮೊದಲು ಬ್ಯಾಗಿನ ಜಿಪ್ಪು ಮುಟ್ಟಿ ನೋಡಿಕೊಳ್ಳುತ್ತೇನೆ. ತರಕಾರಿಯವನು ಸುಮ್ಮನೆ ಒಂದು ಹಿಡಿ ಕೊತ್ತಂಬರಿ ಸೇರಿಸಿ ಕೊಟ್ಟರೆ, ಅಡಿಯಲ್ಲಿರುವ ಟೊಮೆಟೊ ಕೊಳೆತಿರಬೇಕು ಅನ್ನಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಂಥವಳು ಚೀನಾದ ರಾಜಕೀಯದ ಮೇಲೆ ಪಿಎಚ್‌ಡಿ ಮಾಡಲು ಹೊರಟದ್ದು ಒಂದು ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅಲ್ಲಿನ ಜನರನ್ನು ಸರ್ಕಾರ ಹೇಗಿದೆ ಎಂದು ಕೇಳಿದರೆ ಹೆಚ್ಚಿನವರು ಚೆನ್ನಾಗಿದೆ ಅನ್ನುತ್ತಾರೆ. ಅದು ಮನಸ್ಸಿನ ಮಾತೋ, ಭಯದ ಮಾತೋ? ಅದನ್ನು ಅಂಕಿಸಂಖ್ಯೆಯಲ್ಲಿ ಅಳೆಯುವುದು ಹೇಗೆ ಎನ್ನುವುದೇ ನನ್ನ ವಿಷಯ.

ಮನೆ ಗುಬ್ಬಿಯಲ್ಲಿ. ಅಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಪ್ರತಿ ವರ್ಷ ಹೊಸದಾಗಿ ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಮನೆಯಲ್ಲಿರಬೇಕು. ಪಿಎಚ್‌ಡಿಗೆ ತುಮಕೂರಿಗೆ ಓಡಾಟ. "ಚೀನಾ ಯಾಕಮ್ಮಾ, ನಮ್ ದೇಶದಲ್ಲಿ ರಾಜಕೀಯಕ್ಕೆ ಬರ ಬಂದದಾ?" ಎಂದು ಪಕ್ಕದ ಮನೆಯಾಕೆ ಕೇಳುತ್ತಿದ್ದರು. ಕೇಳಿದ ಮೇಲೆ ಸ್ವಲ್ಪ ಹತ್ತಿರ ಬಂದು, ಇದಕ್ಕೆಲ್ಲ ಯಾರು ದುಡ್ಡು ಕೊಡುತ್ತಾರೆ ಎಂದು ವಿಚಾರಿಸುತ್ತಿದ್ದರು. ಯಾರೂ ಕೊಡುತ್ತಿರಲಿಲ್ಲ. ಅದೇ ನನ್ನ ಕಷ್ಟ.

ಹೋದ ವರ್ಷ ನಮ್ಮ ಗೈಡ್ ಮೇಷ್ಟ್ರು ತುಮಕೂರಿನಲ್ಲಿ ಒಂದು ದಿನದ ಸೆಮಿನಾರ್ ಇಟ್ಟುಕೊಂಡರು. ಚೀನಾದ ರಾಜಕೀಯವನ್ನು ಸಂಖ್ಯೆಗಳ ಮೂಲಕ ಅಧ್ಯಯನ ಮಾಡುವ ಬಗೆ. ದೆಹಲಿಯಿಂದ ಒಬ್ಬ ಪ್ರೊಫೆಸರ್ ಬರುವವರಿದ್ದರು. ಅವರ ಯೋಜನೆಯಲ್ಲಿ ಒಂದೇ ಒಂದು ಜಾಗ ಖಾಲಿಯಿದೆ, ಇಲ್ಲಿ ಪ್ರಬಂಧ ಓದುವವರಲ್ಲೇ ಒಬ್ಬರನ್ನು ಆರಿಸಿಕೊಳ್ಳುತ್ತಾರೆ ಎಂದು ಗೈಡ್ ಹೇಳಿದ್ದರು. ಸಂಬಳ, ಪುಸ್ತಕ, ಕೂತು ಕೆಲಸ ಮಾಡಲು ಒಂದು ಮೇಜು. ನನಗೆ ಆ ಜಾಗ ಬೇಕಾಗಿತ್ತು. ಸಿಕ್ಕರೆ ಸಿಗಲಿ ಅನ್ನುವಷ್ಟಲ್ಲ, ಹೊಟ್ಟೆ ಹಸಿದವರಿಗೆ ಅನ್ನ ಬೇಕಾಗುವಷ್ಟು ಬೇಕಾಗಿತ್ತು.

ಅದಕ್ಕೆ ತಕ್ಕ ತಯಾರಿಯನ್ನೂ ಮಾಡಿದ್ದೆ. ಚೀನಾದ ಸಮೀಕ್ಷೆಗಳಲ್ಲಿ ಬಳಸುವ ಒಂದು ಉಪಾಯವಿದೆ. ಭಯಪಡುವ ವಿಷಯವನ್ನು ಜನರಿಗೆ ನೇರವಾಗಿ ಕೇಳುವುದಿಲ್ಲ. ನಾಲ್ಕಾರು ವಾಕ್ಯ ಓದಿ ಹೇಳಿ, ಇವುಗಳಲ್ಲಿ ಎಷ್ಟು ನಿಮಗೆ ಒಪ್ಪಿಗೆ, ಯಾವುದೆಂದು ಹೇಳಬೇಡಿ, ಎಷ್ಟು ಅಂತ ಮಾತ್ರ ಹೇಳಿ ಅನ್ನುತ್ತಾರೆ. ಅರ್ಧ ಜನಕ್ಕೆ ಓದುವ ವಾಕ್ಯಗಳಲ್ಲಿ ಆ ಸೂಕ್ಷ್ಮ ವಾಕ್ಯ ಇರುತ್ತದೆ, ಇನ್ನರ್ಧ ಜನಕ್ಕೆ ಇರುವುದಿಲ್ಲ. ಎರಡು ಗುಂಪಿನ ಉತ್ತರಗಳ ನಡುವಿನ ವ್ಯತ್ಯಾಸದಲ್ಲಿ ನಿಜ ಸಿಗುತ್ತದೆ, ಯಾರೊಬ್ಬರೂ ಸಿಕ್ಕಿಬೀಳುವುದಿಲ್ಲ. ಇದೇ ಉಪಾಯವನ್ನು ನಾನು ನಮ್ಮ ಕಡೆಯೇ ಪ್ರಯೋಗ ಮಾಡಿ ನೋಡಿದ್ದೆ. ಕುಣಿಗಲ್ಲಿನ ನನ್ನ ಗೆಳತಿಯೊಬ್ಬಳು, ಅವಳೂ ಸಂಶೋಧನಾ ವಿದ್ಯಾರ್ಥಿನಿ, ತನ್ನ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಕೊತ್ತಗೆರೆ, ಹುಲಿಯೂರುದುರ್ಗ ಎಲ್ಲ ಸುತ್ತಿಸಿದಳು. ಗುಬ್ಬಿಯ ಸುತ್ತಮುತ್ತಲ ಹಳ್ಳಿಗಳನ್ನು ನಾನೇ ನೋಡಿಕೊಂಡೆ. ಊರಿನ ದೊಡ್ಡವರ ವಿರುದ್ಧ ದೂರು ಕೊಡಲು ಹೆದರಿಕೆಯಾಗುತ್ತದೆಯೇ ಎಂದು ನೇರವಾಗಿ ಕೇಳಿದರೆ, "ಹೆದ್ರಿಕೆ ಯಾಕವ್ವ, ನಮ್ಮೂರಲ್ಲಿ ಅಂಥದ್ದೇನಿಲ್ಲ ಬುಡು" ಅನ್ನುತ್ತಿದ್ದರು. ಸುತ್ತಿ ಬಳಸಿ ಲೆಕ್ಕದಲ್ಲಿ ಕೇಳಿದರೆ ಹೆದರಿಕೆ ಧಾರಾಳವಾಗಿ ಹೊರಗೆ ಬರುತ್ತಿತ್ತು. ಚೀನಾದವರ ಬಾಯಿ ಅಳೆಯುವ ಕೋಲಿನಿಂದ ನಮ್ಮ ಬಾಯಿಯನ್ನೂ ಅಳೆಯಬೇಕು ಎನ್ನುವುದು ನನ್ನ ಪ್ರಬಂಧದ ಜೀವ. ಅದು ಕೊನೆಯ ಕೆಲವು ಸ್ಲೈಡುಗಳಲ್ಲಿತ್ತು.

ಸೆಮಿನಾರಿನ ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾನರಿನಲ್ಲಿ ಚೀನಾ ಎನ್ನುವ ಪದವೇ ಇಲ್ಲ. ನೆರೆರಾಷ್ಟ್ರಗಳ ರಾಜಕೀಯ ಎಂದು ಹಾಕಿಸಿದ್ದರು. "ಸುಮ್ನೆ ಯಾಕಮ್ಮ ರಗಳೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು" ಎಂದರು ಗೈಡ್. ಅವರ ಮುಖ ನೋಡಿದೆ. ಏನೋ ಇದೆ, ನನಗೆ ಹೇಳುತ್ತಿಲ್ಲ ಅನ್ನಿಸಿತು.

ಹಾಗೆ ಅನ್ನಿಸಿದ ಮೇಲೆ ಕಣ್ಣು ಸುಮ್ಮನಿರಬೇಕಲ್ಲ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದವನನ್ನು ಮೊದಲು ಕಂಡವಳು ನಾನೇ. ಬೂದುಬಣ್ಣದ ಸಫಾರಿ, ಚಿಕ್ಕದಾಗಿ ಕತ್ತರಿಸಿದ ಮೀಸೆ, ಅರವತ್ತರ ಆಸುಪಾಸು. ಮೇಷ್ಟ್ರ ಕಳೆ ಇಲ್ಲ, ಪತ್ರಕರ್ತನ ಗಡಿಬಿಡಿ ಇಲ್ಲ. ನೋಂದಣಿ ಮೇಜಿನ ಹತ್ತಿರ ಹೋಗದೆ ನೇರವಾಗಿ ಬಂದು ಕೂತಿದ್ದ. ನಮ್ಮವರು ಸಫಾರಿಯ ಗತ್ತು ನೋಡಿಯೇ ಅವನಿಗೆ ಬ್ಯಾಗು, ಕಾಫಿ ಎಲ್ಲ ಕೊಟ್ಟಿದ್ದರು. ಯಾರ ಕಡೆಯವರು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ಬೇರೆಯವರ ಕಡೆಯವರಿರಬೇಕು ಅಂದರು.

ದೆಹಲಿಯ ಪ್ರೊಫೆಸರ್ ಚೆನ್ನಾಗಿ ಮಾತಾಡಿದರು. ಹೆದರಿದವರಿಂದ ಬಂದ ಅಂಕಿಯನ್ನು ನಂಬಿದರೆ ಸಂಶೋಧಕನೂ ಆ ಹೆದರಿಕೆಯ ಗುಮಾಸ್ತನಾಗುತ್ತಾನೆ ಅಂದರು. ನಾನು ಅವರ ಮಾತಿಗಿಂತ ಹೆಚ್ಚಾಗಿ ಹಿಂದಿನ ಸಾಲನ್ನು ಗಮನಿಸುತ್ತಿದ್ದೆ. ಆತ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು. ಬರೆದುಕೊಳ್ಳದೆ ನೆನಪಿಟ್ಟುಕೊಳ್ಳುವ ತರಬೇತಿ ಯಾರಿಗೆ ಇರುತ್ತದೆ?

ಟೀ ಬಿಡುವಿನಲ್ಲಿ ಗೆಳತಿ ನನ್ನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು.

"ಆ ಸಫಾರಿಯವ್ರು ಅಟೆಂಡರ್ ಹತ್ರ ನಿನ್ ವಿಷ್ಯ ಕೇಳ್ತಾ ಇದ್ರಂತೆ ಕಣೇ" ಅಂದಳು.

"ಏನಂತ?"

"ಯಾವೂರು, ಮನೇಲಿ ಯಾರ್ಯಾರಿದಾರೆ, ಇಲ್ಲಿಗೆ ಎಷ್ಟು ದಿನದಿಂದ ಬರ್ತಾರೆ, ಯಾರ ಜೊತೆ ಓಡಾಡ್ತಾರೆ. ಫೋನಲ್ಲಿ ಜಾಸ್ತಿ ಮಾತಾಡ್ತಾರಾ ಅಂತಾನೂ ಕೇಳಿದ್ರಂತೆ."

ಗುಪ್ತಚರ ಇಲಾಖೆಯವನಲ್ಲದೆ ಇನ್ಯಾರು ಇಂಥ ಪ್ರಶ್ನೆ ಕೇಳುತ್ತಾರೆ? ಚೀನಾದ ವೆಬ್‌ಸೈಟುಗಳನ್ನು ಹಗಲೂರಾತ್ರಿ ತಡಕಿದ್ದೇನೆ. ಹಳ್ಳಿಹಳ್ಳಿಗೆ ಹೋಗಿ ನಿಮಗೆ ಹೆದರಿಕೆಯೇ ಎಂದು ಕೇಳಿದ್ದೇನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೇಗೆ ಕಾಣುತ್ತದೆ ಎಂದು ಅವನ ಕಣ್ಣಿನಿಂದಲೇ ಯೋಚಿಸಿದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಅಂದಿರಲಿಲ್ಲ, ಆಗಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸುದ್ದಿ ಊಟದ ಸಾಲಿನಲ್ಲಿ ಎಲ್ಲರಿಗೂ ಹಬ್ಬಿತು. ಮಧ್ಯಾಹ್ನದ ಗೋಷ್ಠಿಯ ಧಾಟಿಯೇ ಬದಲಾಯಿತು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಮೇಜು ಗುದ್ದಿ ಮಾತಾಡಿದ್ದವರೊಬ್ಬರು ವೇದಿಕೆಯ ಮೇಲೆ ಪ್ರತಿ ವಾಕ್ಯಕ್ಕೂ 'ಇದು ಚೀನಾಕ್ಕೆ ಮಾತ್ರ ಅನ್ವಯ' ಎಂದು ಬಾಲ ಸೇರಿಸಿದರು. ಇನ್ನೊಬ್ಬರು ಪ್ರಬಂಧ ಅರ್ಧಕ್ಕೆ ನಿಲ್ಲಿಸಿ ನಮ್ಮ ಪ್ರಜಾಪ್ರಭುತ್ವವನ್ನು ಹೊಗಳಿದರು. ಗೈಡ್ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದರು. ಬೆಳಿಗ್ಗೆಯಂತೆಯೇ ಮಧ್ಯಾಹ್ನವೂ ಧೈರ್ಯವಾಗಿ ಮಾತಾಡಿದವರು ದೆಹಲಿಯ ಪ್ರೊಫೆಸರ್ ಒಬ್ಬರೇ. ಅವರು ಮುಂದಿನ ಸಾಲಿನಲ್ಲಿದ್ದರು, ಹಿಂದೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

ನನ್ನ ಸರದಿಗೆ ಮುಂಚೆ ಗೈಡ್ ಹತ್ತಿರ ಹೋಗಿ ಕೊನೆಯ ಭಾಗ ಓದಲೇ ಎಂದು ಕೇಳಿದೆ. ಓದು ಅನ್ನಲಿ ಎಂಬ ಆಸೆ ಇತ್ತು.

"ನಾನು ಬೇಡ ಅನ್ನಲ್ಲಮ್ಮ" ಅಂದರು. "ನಿನಗೆ ಬಿಟ್ಟಿದ್ದು. ನಾಳೆ ಏನಾದ್ರೂ ಆದ್ರೆ ನಾನು ಓದು ಅಂದೆ ಅಂತ ಮಾತ್ರ ಹೇಳ್ಬೇಡ."

ವೇದಿಕೆ ಹತ್ತಿದೆ. ಕೊನೆಯ ಸಾಲಿನಲ್ಲಿ ಆತ ಮೊಬೈಲು ಎತ್ತಿ ನನ್ನ ಫೋಟೊ ತೆಗೆದ. ಬೇರೆ ಯಾರದ್ದನ್ನೂ ತೆಗೆದಿರಲಿಲ್ಲ. ತಲೆ ಎತ್ತದೆ ಚೀನಾದ ಭಾಗವನ್ನಷ್ಟೇ ಓದಿದೆ. ಅವರಿವರು ಏನು ಹೇಳಿದ್ದಾರೆ, ಯಾವ ಉಪಾಯಕ್ಕೆ ಯಾವ ಮಿತಿ, ಇಂಥದ್ದು. ಕುಣಿಗಲ್ ಇಲ್ಲ, ಗುಬ್ಬಿ ಇಲ್ಲ. ಕೊನೆಯ ಸ್ಲೈಡುಗಳು ಬರುವ ಮುಂಚೆಯೇ ಧನ್ಯವಾದ ಹೇಳಿ ಇಳಿದುಬಿಟ್ಟೆ.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅಚ್ಚುಕಟ್ಟಾಗಿದೆ, ಆದರೆ ಇದನ್ನೆಲ್ಲ ನಾವು ಓದಿದ್ದೇವೆ, ಇದರಲ್ಲಿ ನಿಮ್ಮ ಸ್ವಂತ ಕೆಲಸ ಯಾವುದು ಎಂದು ಮೃದುವಾಗಿಯೇ ಕೇಳಿದರು. ಇದೆ ಸರ್ ಎಂದು ನಾಲಿಗೆಯ ತುದಿಯವರೆಗೆ ಬಂತು. ಹಿಂದಿನ ಸಾಲು ನೋಡಿದೆ. ಇನ್ನೂ ನಡೆಯುತ್ತಿದೆ ಸರ್ ಎಂದು ಹೇಳಿ ಕೂತೆ. ಸಾಯಂಕಾಲ ಆ ಜಾಗ ಮೈಸೂರಿನಿಂದ ಬಂದಿದ್ದ ಒಬ್ಬ ಹುಡುಗನಿಗೆ ಹೋಯಿತು. ಗುಬ್ಬಿಯ ಬಸ್ಸಿನಲ್ಲಿ ದುಪಟ್ಟಾ ಮುಖಕ್ಕೆ ಒತ್ತಿಕೊಂಡು ಅತ್ತೆ. ಪಕ್ಕದ ಸೀಟಿನಾಕೆ ಏನಾಯ್ತಮ್ಮ ಎಂದು ಕೇಳಿದಾಗ ಅವರ ಮೇಲೂ ಅನುಮಾನ ಬಂತು.

ಆಮೇಲಿನ ಒಂದು ವಾರ ಮನೆಯ ಗೇಟು ಸದ್ದಾದರೆ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಪೊಲೀಸರು ಬರಲಿಲ್ಲ, ಫೋನೂ ಬರಲಿಲ್ಲ. ಬರದೇ ಇದ್ದದ್ದೂ ಅವರ ತಂತ್ರವಿರಬೇಕು ಅಂದುಕೊಂಡೆ. ಆ ಗಲಾಟೆಯಲ್ಲಿ ಅಮ್ಮ ಹೇಳಿದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ. ಹುಲಿಯೂರುದುರ್ಗದ ಕಡೆಯ ಒಂದು ಸಂಬಂಧ, ಹುಡುಗ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ತೆಂಗಿನ ತೋಟ ಇದೆ, ಭಾನುವಾರ ನೋಡಲು ಬರುತ್ತಾರೆ. ಬರಲಿ ಅಂದೆ. ಯಾವುದಕ್ಕಾದರೂ ಬರಲಿ ಅನ್ನುವಷ್ಟು ಸೋತಿದ್ದೆ.

ಭಾನುವಾರ ಕಾರಿನಿಂದ ಹುಡುಗ ಇಳಿದ, ಅವನ ತಾಯಿ ಇಳಿದರು, ಅವರ ಹಿಂದೆ ಬೂದುಬಣ್ಣದ ಸಫಾರಿ ಇಳಿಯಿತು.

ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಹುಡುಗನ ಸೋದರಮಾವ ಎಂದು ಅಮ್ಮ ಪರಿಚಯ ಮಾಡಿಸಿದರು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮುಂಚೆ ಮನೆಯ ಒಬ್ಬ ಹಿರಿಯರನ್ನು ಗುಟ್ಟಾಗಿ ಕಳಿಸಿ ವಿಚಾರಿಸುವುದು ಹಳೆಯ ಪದ್ಧತಿ. ಊರಲ್ಲಿ, ಅಂಗಡಿಯಲ್ಲಿ, ಈಗ ಕೆಲಸದ ಜಾಗದಲ್ಲೂ ಕೇಳುತ್ತಾರೆ. ಊರು ಯಾವುದು, ಮನೇಲಿ ಯಾರ್ಯಾರು, ಯಾರ ಜೊತೆ ಓಡಾಟ, ಫೋನಿನಲ್ಲಿ ಎಷ್ಟು ಹೊತ್ತು. ನಾನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಪದ್ಧತಿ, ನನ್ನ ಚಿಕ್ಕಮ್ಮನ ಮದುವೆಗೂ ಹೀಗೇ ಕೇಳಿದ್ದರು. ಆದರೂ ತಲೆಗೆ ಹೊಳೆದಿರಲಿಲ್ಲ. ನಗು ಬರಬೇಕಾಗಿತ್ತು. ಬಂದದ್ದು ಸಿಟ್ಟು.

"ನಾನೇ ಖುದ್ದಾಗಿ ಹೋಗಿ ನೋಡ್ಕಂಡು ಬಂದೆ ಕಣಮ್ಮ" ಎಂದು ಆತ ಅಮ್ಮನಿಗೆ ಸಂತೋಷದಿಂದ ಹೇಳುತ್ತಿದ್ದರು. "ಇಡೀ ದಿನ ಕೂತಿದ್ದೆ. ದೊಡ್ಡ ದೊಡ್ಡೋರೆಲ್ಲ ಮಾತಾಡಿದ್ರು. ನಿಮ್ ಹುಡ್ಗಿ ತಲೆ ತಗ್ಗಿಸ್ಕಂಡು ಓದಿ, ಕೇಳಿದ್ದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳಿ ಕೂತ್ಕಂಡ್ರು. ಇಷ್ಟು ಓದಿದ್ರೂ ಎದುರು ಮಾತಿಲ್ಲ. ಫೋಟೊ ಕಳ್ಸಿ ಅಕ್ಕಂಗೆ ಅಲ್ಲಿಂದ್ಲೇ ಹೇಳ್ದೆ, ಬಾಳ ಸಾಧು ಅಂತ."

ಹುಡುಗನ ತಾಯಿ ನನ್ನನ್ನು ನೋಡಿ ನಕ್ಕರು. ಆತ ಅಮ್ಮನನ್ನು ಕೇಳಿದರು, "ಹುಡ್ಗೀಗೆ ಒಪ್ಗೆ ತಾನೇ?"

"ಅವಳದ್ದೇನಿದೆ" ಅಂದರು ಅಮ್ಮ. "ದೊಡ್ಡೋರು ಹೇಳ್ದಂಗೆ."

ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದೆ. ಚಕ್ಕುಲಿ ಸರಿಸಿ ಅವರ ಮುಂದೆ ತೆರೆದಿಟ್ಟೆ. ಅಮ್ಮ ಕಣ್ಣಲ್ಲೇ ಬೈಯುತ್ತಿದ್ದರು. ಅಂದು ತೋರಿಸದ ಸ್ಲೈಡುಗಳನ್ನು ಒಂದೊಂದಾಗಿ ತೋರಿಸಿದೆ. ನೇರವಾಗಿ ಕೇಳಿದಾಗ ಜನ ಹೇಳಿದ್ದು ಇದು, ಬಳಸಿ ಕೇಳಿದಾಗ ಹೊರಗೆ ಬಂದದ್ದು ಇದು, ಇದು ಗುಬ್ಬಿ, ಇದು ಕುಣಿಗಲ್. ಕೊನೆಯ ಸ್ಲೈಡಿನವರೆಗೂ ನಿಲ್ಲಿಸಲಿಲ್ಲ. ಹುಡುಗ ತನ್ನ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ನೋಡಿದ.

ಸೋದರಮಾವ ಕನ್ನಡಕ ಹಾಕಿಕೊಂಡು ನಕ್ಷೆಯ ಎತ್ತರದ ಗೆರೆಯನ್ನೂ ಗಿಡ್ಡ ಗೆರೆಯನ್ನೂ ಬಹಳ ಹೊತ್ತು ನೋಡಿದರು.

"ನಮ್ ಹುಲಿಯೂರುದುರ್ಗದವ್ರೂ ಹೀಗೇ ಅಂತೀರಾ?"

"ಹೌದು."

"ನಿಜ ಕಣಮ್ಮ. ಒಳಗೊಳಗೇ ಹೆದರ್ತಾರೆ, ಯಾರೂ ಬಾಯಿ ಬಿಡಲ್ಲ. ಚೆನ್ನಾಗಿ ಮಾಡಿದೀರಿ." ಅವರಿಗೆ ನಿಜವಾಗಿ ಇಷ್ಟವಾಗಿತ್ತು, ಅದರಲ್ಲಿ ನನಗೆ ಅನುಮಾನ ಬರಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಮುಗ್ಧವಾಗಿ ಕೇಳಿದರು, "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೂತಿದ್ರಲ್ಲ" ಅಂದೆ.